ಗಾಲಿಯ ಕೆಳಗಿನ ಗುಂಡುಕಲ್ಲು

ಜನವರಿ ಹತ್ತೊಂಬತ್ತು. ಬೆಳಿಗ್ಗೆ ಚಳಿ ಇತ್ತು. ಆಮೇಲೆ ಬಿಸಿಲು ಬಂತು. ಗಾಳಿ ಇರಲಿಲ್ಲ.

ಸಂಕವ್ವಾಯಿ ರೊಟ್ಟಿ ಬಡಿದಳು. ಕೆಂಪು ಮೆಣಸಿನಕಾಯಿ ತೊಳೆದಳು. ಬೆಳ್ಳುಳ್ಳಿ ಸುಲಿದಳು. ಎಲ್ಲವನ್ನೂ ಒರಳಿಗೆ ಹಾಕಿದಳು. ಅರೆಯಲು ಕೈ ಚಾಚಿದಳು.

ಒರಳು ಇತ್ತು. ಗುಂಡುಕಲ್ಲು ಇರಲಿಲ್ಲ.

ಒಲೆಯ ಹಿಂದೆ ನೋಡಿದಳು. ಇಲ್ಲ. ಕೊಡದ ಹಿಂದೆ ನೋಡಿದಳು. ಇಲ್ಲ. ಹೊರಗೆ ಬಂದು ನೋಡಿದಳು.

ಕೆರೆಗೆ ಇಳಿಯುವ ದಾರಿಯಲ್ಲಿ ಅವಳ ಮಗ ಫಕೀರಪ್ಪನ ಹಳೆಯ ಟ್ರ್ಯಾಕ್ಟರು ನಿಂತಿತ್ತು. ಅದು ಯಾವಾಗಲೂ ಇಳಿಜಾರಿನಲ್ಲೇ ನಿಲ್ಲುತ್ತದೆ. ಉರುಳಿದರೆ ಮಾತ್ರ ಅದು ಸ್ಟಾರ್ಟ್ ಆಗುತ್ತದೆ. ಅದರ ಗಾಲಿಯ ಕೆಳಗೆ ಗುಂಡುಕಲ್ಲು ಇತ್ತು. ಅದು ಕರಿಮಣ್ಣಿನ ಊರು. ಗಾಲಿಗೆ ಕೊಡಲು ಬೇರೆ ಕಲ್ಲು ಸಿಗುವುದಿಲ್ಲ. ಫಕೀರಪ್ಪ ಇದನ್ನೇ ಇಟ್ಟು ಹೊಲಕ್ಕೆ ಹೋಗಿದ್ದ.

"ಏ ಟ್ರ್ಯಾಕ್ಟರಾ, ನನ್ನ ಕಲ್ಲು ಕೊಡೋ."

"ಕೊಡಂಗಿಲ್ಲ ಆಯಿ. ನನ್ನ ಬ್ರೇಕ್ ಸವದೈತಿ. ಕಲ್ಲು ತಗದ್ರ ನಾ ಸೀದಾ ಕೆರಿಗೆ. ವಯಸ್ಸಾತು."

"ನಿನಗಿಂತ ನಾ ದೊಡ್ಡಾಕಿ. ನಾ ಎಲ್ಲಿ ಉರುಳೇನಿ?"

ಟ್ರ್ಯಾಕ್ಟರು ಕಲ್ಲು ಬಿಡಲಿಲ್ಲ.

ಸಂಕವ್ವಾಯಿ ಮೇಸ್ತ್ರಿ ದಾವಲಸಾಬನ ಬಳಿ ಹೋದಳು. ಅವನು ಟ್ರ್ಯಾಕ್ಟರು ರಿಪೇರಿ ಮಾಡುವವನು.

"ದಾವಲಸಾಬಾ, ಬ್ರೇಕ್ ಮಾಡಿಕೊಡು. ಬ್ರೇಕಿಲ್ದ ಕಲ್ಲಿಲ್ಲ. ಕಲ್ಲಿಲ್ದ ಚಟ್ನಿ ಇಲ್ಲ. ಚಟ್ನಿ ಇಲ್ದ ರೊಟ್ಟಿ ಇಳಿಯಂಗಿಲ್ಲ."

"ಬ್ರೇಕಿಗೆ ಹೊಸಾ ಪಟ್ಟಿ ಐತಿ ಆಯಿ. ಅದನ್ನ ಬಡದು ಕೂಡಸಾಕ ತಾಮ್ರದ ಮೊಳಿ ಇಲ್ಲ. ಇಷ್ಟು ಹಳೇ ಗಾಡಿದು ಅಂಗಡ್ಯಾಗ ಸಿಗಂಗಿಲ್ಲ."

"ಕಬ್ಬಿಣದ್ದು ಹೊಡಿ."

"ಹೊಡದ್ರ ಅದು ಬ್ರೇಕಿನ ಡ್ರಮ್ಮನ್ನ ಕೆರದು ತಿಂತೈತಿ. ತಾಮ್ರದ್ದ ಬೇಕು. ನಾ ಮಾಡಂಗಿಲ್ಲ."

ಸಂಕವ್ವಾಯಿ ಕಂಚಗಾರ ಮೌನೇಶನ ಬಳಿ ಹೋದಳು. ಅವನು ತಾಮ್ರದ ಕೊಡ ಬಡಿಯುವವನು.

"ಮೌನೇಶಾ, ಮೊಳಿ ಮಾಡಿಕೊಡು. ಮೊಳಿ ಇಲ್ದ ಬ್ರೇಕಿಲ್ಲ. ಬ್ರೇಕಿಲ್ದ ಕಲ್ಲಿಲ್ಲ. ಕಲ್ಲಿಲ್ದ ಚಟ್ನಿ ಇಲ್ಲ. ಚಟ್ನಿ ಇಲ್ದ ರೊಟ್ಟಿ ಇಳಿಯಂಗಿಲ್ಲ."

"ತಾಮ್ರ ಕಾಸಾಕ ಬೆಂಕಿ ಬೇಕು. ಬೆಂಕಿಗೆ ಗಾಳಿ ಬೇಕು. ಗಾಳಿ ಊದೋ ತಿದಿ ಹರದೈತಿ ನೋಡು." ಮೌನೇಶ ಚರ್ಮದ ತಿದಿಯನ್ನು ಒತ್ತಿದ. ಪುಸ್.

"ನಾ ಊದ್ಲೇನು?"

"ನೀ ಊದಿದ್ರ ಹಲ್ಲು ಬೀಳ್ತಾವ ಆಯಿ."

"ಹಲ್ಲು ಇದ್ರ ಅಲ್ಲೇನೋ ಬೀಳೂದು!"

ಮೌನೇಶ ನಕ್ಕ. ಮೊಳೆ ಮಾತ್ರ ಮಾಡಲಿಲ್ಲ.

ಸಂಕವ್ವಾಯಿ ದುರಗಪ್ಪನ ಬಳಿ ಹೋದಳು. ಅವನು ಚರ್ಮ ಹೊಲಿಯುವವನು.

"ದುರಗಪ್ಪಾ, ತಿದಿ ಹೊಲಿದುಕೊಡು. ತಿದಿ ಇಲ್ದ ಮೊಳಿ ಇಲ್ಲ. ಮೊಳಿ ಇಲ್ದ ಬ್ರೇಕಿಲ್ಲ. ಬ್ರೇಕಿಲ್ದ ಕಲ್ಲಿಲ್ಲ. ಕಲ್ಲಿಲ್ದ ಚಟ್ನಿ ಇಲ್ಲ. ಚಟ್ನಿ ಇಲ್ದ ರೊಟ್ಟಿ ಇಳಿಯಂಗಿಲ್ಲ."

"ದಾರಕ್ಕ ಮೇಣ ಹಚ್ಚಬೇಕು ಆಯಿ. ಇಲ್ಲಂದ್ರ ಸೂಜಿ ತೂತಿನ್ಯಾಗ ಗಾಳಿ ಹೋಗ್ತೈತಿ. ನನ್ನ ಮೇಣ ತೀರೈತಿ. ಮೇಣ ಇಲ್ದ ನಾ ಹೊಲಿಯಂಗಿಲ್ಲ."

ಸಂಕವ್ವಾಯಿ ತಿರಕಪ್ಪನ ಬಳಿ ಹೋದಳು. ಅವನು ಸೂರ್ಯಕಾಂತಿ ಹೊಲದಲ್ಲಿ ಜೇನು ಪೆಟ್ಟಿಗೆ ಇಟ್ಟವನು.

"ತಿರಕಪ್ಪಾ, ಮೇಣ ಕೊಡು. ಮೇಣ ಇಲ್ದ ತಿದಿ ಇಲ್ಲ. ತಿದಿ ಇಲ್ದ ಮೊಳಿ ಇಲ್ಲ. ಮೊಳಿ ಇಲ್ದ ಬ್ರೇಕಿಲ್ಲ. ಬ್ರೇಕಿಲ್ದ ಕಲ್ಲಿಲ್ಲ..."

"ಸಾಕು, ಸಾಕು. ಮೇಣ ಕೊಡ್ತೀನಿ. ನೀ ಏನು ಕೊಡ್ತಿ?"

"ಏನು ಬೇಕು?"

"ಜೇನು ತಿಂದು ತಿಂದು ಬಾಯಿ ಕೆಟ್ಟೈತಿ. ಖಾರ ಬೇಕು. ನಿನ್ನ ಕೆಂಪು ಚಟ್ನಿ ಕೊಡು. ಮೊದಲ ಚಟ್ನಿ, ಆಮ್ಯಾಲೆ ಮೇಣ."

ಸಂಕವ್ವಾಯಿ ನೆಲದ ಮೇಲೆ ಕುಳಿತಳು. ಹೊಟ್ಟೆ ಹಸಿದಿತ್ತು. ಸುತ್ತ ಜೇನು ಗುಂಯ್ ಎಂದವು.

"ತಿರಕಪ್ಪಾ, ಪೂರ್ತಿ ಕೇಳು. ಚಟ್ನಿ ಇಲ್ದ ಮೇಣ ಇಲ್ಲ ಅಂತಿ. ಮೇಣ ಇಲ್ದ ತಿದಿ ಇಲ್ಲ. ತಿದಿ ಇಲ್ದ ಮೊಳಿ ಇಲ್ಲ. ಮೊಳಿ ಇಲ್ದ ಬ್ರೇಕಿಲ್ಲ. ಬ್ರೇಕಿಲ್ದ ಕಲ್ಲಿಲ್ಲ. ಕಲ್ಲಿಲ್ದ ಚಟ್ನಿ ಇಲ್ಲ."

ತಿರಕಪ್ಪ ಬೆರಳು ಮಡಿಚಿದ. ಬಿಚ್ಚಿದ. ಮತ್ತೆ ಮಡಿಚಿದ.

"ಅಂದ್ರ, ನನ್ನ ಚಟ್ನಿ ಆ ಗಾಲಿ ಕೆಳಗ ಐತಿ!"

"ಮತ್ತ?"

"ಮೊದಲ ಹೇಳೂದಲ್ಲೇನು! ತಗೋ ಆಯಿ, ತಗೋ. ಲಗೂ ಹೋಗು."

ತಿರಕಪ್ಪ ಮೇಣ ಕೊಟ್ಟ. ಮೇಣ ಬಂತು, ದುರಗಪ್ಪ ತಿದಿ ಹೊಲಿದ. ತಿದಿ ಊದಿತು, ಮೌನೇಶ ಮೊಳೆ ಮಾಡಿದ. ಮೊಳೆ ಬಂತು, ದಾವಲಸಾಬ ಪಟ್ಟಿ ಬಡಿದು ಕೂರಿಸಿದ. ಫಕೀರಪ್ಪ ಹೊಲದಿಂದ ಓಡಿ ಬಂದ. ಸೀಟಿನ ಮೇಲೆ ಕುಳಿತು ಬ್ರೇಕು ಒತ್ತಿದ.

"ತಗೀಲೇನೋ?" ಎಂದಳು ಸಂಕವ್ವಾಯಿ.

"ತಗಿಯವ್ವಾ."

ಸಂಕವ್ವಾಯಿ ಕಲ್ಲು ಎಳೆದಳು. ಟ್ರ್ಯಾಕ್ಟರು ಕಿರ್ ಎಂದಿತು. ಎಲ್ಲರೂ ಕೆರೆ ನೋಡಿದರು.

ಟ್ರ್ಯಾಕ್ಟರು ಉರುಳಲಿಲ್ಲ. ಅಲ್ಲೇ ನಿಂತಿತು.

ಬ್ರೇಕು ಹಿಡಿಯಿತು, ಕಲ್ಲು ಬಂತು. ಸಂಕವ್ವಾಯಿ ಅದನ್ನು ತೊಳೆದಳು. ಬೂದಿ ಹಾಕಿ ತಿಕ್ಕಿ ಮತ್ತೆ ತೊಳೆದಳು. ಕಲ್ಲು ಬಂತು, ಚಟ್ನಿ ಆಯಿತು. ಚಟ್ನಿ ಆಯಿತು, ರೊಟ್ಟಿ ಇಳಿಯಿತು.

ಮೇಣಕ್ಕೆ ತಿರಕಪ್ಪನಿಗೆ ರೊಟ್ಟಿ, ಚಟ್ನಿ. ಅವನು ಕಣ್ಣೀರು ಒರೆಸಿಕೊಂಡು ಇನ್ನಷ್ಟು ಕೇಳಿದ. ಹೊಲಿಗೆಗೆ ದುರಗಪ್ಪನಿಗೆ ರೊಟ್ಟಿ, ಚಟ್ನಿ. ಮೊಳೆಗೆ ಮೌನೇಶನಿಗೆ ರೊಟ್ಟಿ, ಚಟ್ನಿ.

"ಗ್ರೀಸ್ ವಾಸನಿ ಬರ್ತೈತಿ," ಎಂದ ಮೌನೇಶ.

ಬ್ರೇಕಿಗೆ ದಾವಲಸಾಬನಿಗೆ ರೊಟ್ಟಿ, ಚಟ್ನಿ.

"ಎಲ್ಲಿ? ನನಗೇನೂ ಬರವಲ್ದು," ಎಂದ ದಾವಲಸಾಬ.

"ನನಗ?" ಎಂದಿತು ಟ್ರ್ಯಾಕ್ಟರು. "ನಾ ಉರುಳಲಿಲ್ಲಲ್ಲ."

ಸಂಕವ್ವಾಯಿ ಒರಳಿಗೆ ಬೆರಳು ಹಾಕಿದಳು. ಟ್ರ್ಯಾಕ್ಟರಿನ ಹಣೆಗೆ ಒಂದು ಬೊಟ್ಟು ಕೆಂಪು ಚಟ್ನಿ ಇಟ್ಟಳು.