ಓಡೀಲ್ ಬರೆದ ಜಗಲಿ

ಚಿತ್ರಕಲೆ ಕಲಿಯುತ್ತಿದ್ದ ಶಿಷ್ಯೆ ಕೇಳಿದಳು: "ಗುರುಗಳೇ, ಬಾಲ್ಯದ ಮನೆಯನ್ನು ಬರೆಯಲು ಕೂತೆ. ನನ್ನ ನೆನಪನ್ನು ನಾನೇ ನಂಬುವಂತಿಲ್ಲ. ಬರೆದರೆ ಸುಳ್ಳು ಹೇಳಿದಂತಾಗುವುದಿಲ್ಲವೇ?"

ಗುರುಗಳು ಈ ಕತೆ ಹೇಳಿದರು.

ಅಮೆರಿಕದ ದಕ್ಷಿಣಕ್ಕೆ, ಲೂಸಿಯಾನಾದ ಜೌಗುನೆಲದಲ್ಲಿ, ಕೇಜನ್ ಎಂಬ ಜನರಿದ್ದಾರೆ. ಅವರ ಮನೆಮಾತು ಫ್ರೆಂಚ್. ಒಂದು ಕಾಲದಲ್ಲಿ ಶಾಲೆಯಲ್ಲಿ ಇಂಗ್ಲಿಷ್ ಬಿಟ್ಟು ಆ ಮಾತಾಡಿದ ಮಕ್ಕಳಿಗೆ ಏಟು ಬೀಳುತ್ತಿತ್ತು. ಏಟು ತಿಂದವರು ತಮ್ಮ ಮಕ್ಕಳಿಗೆ ಅದನ್ನು ಕಲಿಸಲಿಲ್ಲ.

ಓಡೀಲ್ ಎಂಬ ಚಿತ್ರಗಾರ್ತಿ ಹುಟ್ಟಿದ್ದು ಅಲ್ಲಿಯೇ. ಆರು ವರ್ಷಕ್ಕೆ ಊರು ಬಿಟ್ಟಿದ್ದಳು. ಐವತ್ತು ದಾಟಿದ ಮೇಲೆ ನೆನಪಿದ್ದಷ್ಟನ್ನು ಬರೆದಳು. ಸಿಗಡಿ ಬೇಯುತ್ತಿರುವ ದೊಡ್ಡ ಪಾತ್ರೆ, ಜಗಲಿಯ ತುಂಬ ಕುಣಿಯುವ ಹೆಂಗಸರು, ನೀಲಿ ಬಣ್ಣದ ಅಕಾರ್ಡಿಯನ್ ಎದೆಗೆ ತೂಗುಹಾಕಿಕೊಂಡು ತಿದಿ ಎಳೆದು ನುಡಿಸುವ ಅಜ್ಜ. ಆ ಚಿತ್ರವನ್ನು ಊರಿಗೇ ಒಯ್ದು ಸಭಾಭವನದ ಗೋಡೆಗೆ ಹಾಕಿದಳು.

ಮೊದಲು ನೋಡಿದವಳು ಅವಳ ಸೋದರತ್ತೆ ಯೂಲಾಲಿ. ಎಂಬತ್ತು ದಾಟಿದ ಮುದುಕಿ. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನಿಂತಳು.

"ನಿನ್ನಜ್ಜನಿಗೆ ನುಡಿಸಲು ಬರುತ್ತಿರಲಿಲ್ಲ ಮಗಳೇ. ನುಡಿಸುತ್ತಿದ್ದವನು ಪಕ್ಕದ ಮನೆಯವನು. ವಾದ್ಯವೂ ಕಪ್ಪಗಿತ್ತು" ಎಂದಳು.

ಓಡೀಲ್‌ಗೆ ನಾಚಿಕೆಯಾಯಿತು. ಇಡೀ ಊರಿನೆದುರು ಸುಳ್ಳುಗಾರ್ತಿಯಾದೆನಲ್ಲ ಎಂದು ಚಿತ್ರ ಇಳಿಸಲು ಏಣಿ ತಂದಳು.

ಅಷ್ಟರಲ್ಲಿ ಚಿತ್ರ ನೋಡಲು ನೆರೆದವರಲ್ಲಿ ಒಬ್ಬ ಮುದುಕ, ವಾದ್ಯ ಕಪ್ಪಲ್ಲ, ಕೆಂಪು ಎಂದು ವಾದಕ್ಕೆ ನಿಂತ. ಇನ್ನೊಬ್ಬಳು, ಜಗಲಿ ಆ ದಿಕ್ಕಿಗೆ ಇರಲೇ ಇಲ್ಲವೆಂದಳು. ವಾದ ಕಾವೇರಿತು. ಯೂಲಾಲಿಗೆ ಇಂಗ್ಲಿಷ್ ಸಾಲದೆ ಬಾಯಿಂದ ಫ್ರೆಂಚ್ ಹೊರಟಿತು. ಎದುರಿನವನೂ ಫ್ರೆಂಚಿನಲ್ಲೇ ತಿರುಗಿಸಿ ಕೊಟ್ಟ. ನಲವತ್ತು ವರ್ಷ ಆ ಮಾತನ್ನು ಗಂಟಲಲ್ಲೇ ಇಟ್ಟುಕೊಂಡಿದ್ದ ಮುದುಕರೆಲ್ಲ ಕೂಗಾಡಿದರು, ಬೈದರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬಳು ಹಾಡೊಂದನ್ನು ಎತ್ತಿಕೊಂಡು ಅರ್ಧಕ್ಕೆ ತಡವರಿಸಿದಾಗ ಉಳಿದವರು ಮುಂದುವರಿಸಿದರು. ಮೊಮ್ಮಕ್ಕಳು ಹತ್ತಿರ ಬಂದು, ಹಾಗೆಂದರೇನು, ಹೀಗೆಂದರೇನು ಎಂದು ಕೇಳತೊಡಗಿದರು.

ಓಡೀಲ್‌ಗೆ ಒಂದು ಪದವೂ ಅರ್ಥವಾಗಲಿಲ್ಲ. ಆದರೂ ಆ ದನಿ ಅವಳಿಗೆ ಗೊತ್ತಿತ್ತು. ಅತ್ತೆ ಅವಳ ಕೈ ಹಿಡಿದು ಕುಣಿಯಲು ಎಳೆದಳು. ಓಡೀಲ್ ಏಣಿ ಬಿಟ್ಟು ಕುಣಿದಳು. ಚಿತ್ರವನ್ನು ಯಾರೂ ಇಳಿಸಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯೆ, "ಹಾಗಾದರೆ ಅವರಲ್ಲಿ ಯಾರ ನೆನಪು ಸರಿ?" ಎಂದು ಕೇಳಿದಳು.

"ಸರಿಯಾಗಿ ನೆನಪಿದ್ದವರು ಯಾರೂ ಬರೆದಿರಲಿಲ್ಲ ತಾಯಿ" ಎಂದರು ಗುರುಗಳು.

ಶಿಷ್ಯೆ ಕುಂಚ ಕೈಗೆತ್ತಿಕೊಂಡಳು.