ಊರುಗೋಲು ಕೊಟ್ಟ ಅಂಕ

ಮೊಣಕಾಲು ನೋವಿನ ತುಂಗಮ್ಮಜ್ಜಿ ಎಲೆಕ್ಟ್ರಿಕ್ ಕಾರು ನೋಡಲು ಹೊರಟಾಗ ಅವಳ ಊರುಗೋಲೂ ಜೊತೆಗೆ ಹೊರಟಿತು. ಒಂಬತ್ತು ವರ್ಷದಿಂದ ಅಜ್ಜಿಯ ಭಾರ ಹೊತ್ತ ತನಗಿಂತ ಅವಳ ಸುಖ ಬಲ್ಲವರಿಲ್ಲ ಎಂಬ ಸಣ್ಣ ಜಂಬ ಅದಕ್ಕಿತ್ತು.

ಶೋರೂಮಿನಲ್ಲಿ ಎತ್ತರದ ಕಾರು ಕೋಲಿಗೆ ಗತ್ತಿನಿಂದ ಹೇಳಿತು: "ಒಮ್ಮೆ ಚಾರ್ಜ್ ಮಾಡಿದರೆ ಐನೂರು ಕಿಲೋಮೀಟರ್ ಓಡುತ್ತೇನೆ. ನನ್ನ ಸೀಟು ಬೆನ್ನನ್ನೂ ಒತ್ತುತ್ತದೆ. ನನ್ನ ಬೆಲೆ ಕೇಳಿದರೆ ನೀನು ಬಾಗಿಹೋಗುತ್ತೀಯೆ!"

"ಅಜ್ಜಿ ಹತ್ತಲಿ, ಆಮೇಲೆ ಮಾತಾಡೋಣ," ಎಂದಿತು ಕೋಲು.

ಅಜ್ಜಿ ಹತ್ತುವಾಗ ಊರಿದ ಭಾರಕ್ಕೆ ಕೋಲಿನ ನಡು ಮುರಿಯುವುದೊಂದೇ ಬಾಕಿ. ಇಳಿಯುವಾಗ ಅದಕ್ಕಿಂತ ಜೋರು.

ಪಕ್ಕದ ಪುಟ್ಟ ಕಾರು ಸಂಕೋಚದಿಂದ, "ನಾನು ಓಡುವುದು ಅದರ ಅರ್ಧ. ಆದರೆ ನನ್ನ ಸೀಟು ಮನೆಯ ಜಗಲಿಯಷ್ಟೇ ಎತ್ತರ," ಎಂದಿತು.

ಅಜ್ಜಿ ಕೋಲನ್ನು ಗೋಡೆಗೆ ಒರಗಿಸಿ, ಬಾಗಿಲು ತೆಗೆದು ಸಲೀಸಾಗಿ ಕೂತಳು. "ಒಂದು ಸುತ್ತು ಹೋಗೋಣ, ನಡೆಯಪ್ಪ," ಎಂದು ಶೋರೂಮಿನವನಿಗೆ ಹೇಳಿ ಹೊರಟೇಬಿಟ್ಟಳು.

"ಅಯ್ಯೋ ಪಾಪ, ನಿನ್ನನ್ನು ಮರೆತೇ ಹೋದಳಲ್ಲ!" ಎಂದು ಎತ್ತರದ ಕಾರು ನಕ್ಕಿತು.

"ಒಂಬತ್ತು ವರ್ಷದಲ್ಲಿ ಇದೇ ಮೊದಲು," ಎಂದಿತು ಕೋಲು. "ಆ ಕಾರಿಗೆ ನೂರಕ್ಕೆ ನೂರು!" ಎಂದು ಗೋಡೆಗೆ ಒರಗಿ ಹಾಯಾಗಿ ನಿಂತಿತು.