ಗಾಜಿನ ಬೀರುವಿನ ಪುಸ್ತಕ

ಶಿಷ್ಯನು ಕೇಳಿದನು: "ಗುರುಗಳೇ, ಅರ್ಹತೆ ಇಲ್ಲದವರು ವಿದ್ಯೆ ಕೇಳಿಕೊಂಡು ಬಂದರೆ ಏನು ಮಾಡಬೇಕು? ತಕ್ಕವರು ಬರುವ ತನಕ ಅದನ್ನು ಜೋಪಾನವಾಗಿ ಇಟ್ಟುಕೊಳ್ಳುವುದೇ ಸರಿಯಲ್ಲವೆ?"

ಗುರುಗಳು ಹೇಳಿದರು:

ಒಂದೂರಿನ ಪುಸ್ತಕ ಭಂಡಾರಕ್ಕೆ ಒಬ್ಬ ಪಾಲಕನಿದ್ದ. ಕೆಟ್ಟವನೆಂದು ತಿಳಿಯಬೇಡ, ಪುಸ್ತಕವೆಂದರೆ ಜೀವ ಬಿಡುತ್ತಿದ್ದ. ಅವನ ಹತ್ತಿರ ಸೋಬಾನೆ ಹಾಡುಗಳ ಒಂದು ಪುಸ್ತಕವಿತ್ತು. ಎಂಬತ್ತು ವರ್ಷದ ಹಿಂದೆ ಯಾರೋ ಮೇಷ್ಟ್ರು ಒಬ್ಬ ಹಾಡುಗಾರ್ತಿಯ ಮುಂದೆ ಕೂತು ಬರೆದುಕೊಂಡು, ಅಗ್ಗದ ಕಾಗದದಲ್ಲಿ ಅಚ್ಚು ಹಾಕಿಸಿದ್ದು. ಉಳಿದ ಪ್ರತಿ ಅದೊಂದೇ. ಹಾಳೆಗಳು ಕಂದು ತಿರುಗಿ, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿದ್ದವು. ಪಾಲಕ ಅದನ್ನು ಬಟ್ಟೆಯಲ್ಲಿ ಸುತ್ತಿ, ಬೇವಿನ ಎಲೆ ಇಟ್ಟು, ಗಾಜಿನ ಬೀರುವಿಗೆ ಬೀಗ ಹಾಕಿದ. ಇನ್ನು ಒಂದೇ ಒಂದು ಸಲ ತೆರೆದರೆ ತಾಳೀತು, ಆ ಒಂದು ಸಲ ದೊಡ್ಡ ವಿದ್ವಾಂಸರಿಗೇ ಮೀಸಲು, ಅವರೇ ಬಂದು ನಕಲು ಮಾಡಿಕೊಳ್ಳಲಿ ಎಂದು ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡ. ಯಾವ ವಿದ್ವಾಂಸರೂ ಬರಲಿಲ್ಲ ಅನ್ನು.

ಪ್ರತಿ ಆಷಾಢದಲ್ಲಿ ಫಕೀರವ್ವ ಎಂಬ ಮುದುಕಿ ಬರುತ್ತಿದ್ದಳು. ಮದುವೆ ಮನೆಗಳಲ್ಲಿ ಸೋಬಾನೆ ಹಾಡುವವಳು. ಆಷಾಢದಲ್ಲಿ ಮದುವೆಯಿಲ್ಲ, ಅವಳಿಗೆ ಬಿಡುವು. ಆ ಪುಸ್ತಕಕ್ಕೆ ಹಾಡು ಕೊಟ್ಟವಳು ಅವಳ ತಾಯಿ.

"ನಮ್ಮವ್ವನ ಒಂದು ಹಾಡಿನಾಗ ನಡುವಿನ ಎರಡು ಸಾಲು ಮರತೀನ್ರೀ. ನನಗ ಓದಾಕ ಬರೂದಿಲ್ಲ. ನೀವ ಓದಿ ಹೇಳ್ರಿ, ಕೇಳಿ ಹೋಗತೀನಿ" ಎನ್ನುವಳು.

"ತೆರೆದರೆ ಪುಡಿಯಾಗುತ್ತದೆ ತಾಯಿ. ಮುಂದೆ ನೋಡೋಣ" ಎನ್ನುವನು. ಓದು ಬಾರದವಳಿಗಾಗಿ ಆ ಒಂದು ಸಲವನ್ನು ಕಳೆದುಕೊಳ್ಳಲು ಅವನಿಗೆ ಮನಸ್ಸಿಲ್ಲ. ಮುದುಕಿ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು, ನೀರು ಕುಡಿದು ಹೋಗುವಳು. ಹೀಗೆ ಒಂಬತ್ತು ಆಷಾಢ ಕಳೆದವು.

ಹತ್ತನೆಯ ವರ್ಷ, ಹಳೆಯ ಕಾಗದ ಉಳಿಸುವ ಕೆಲಸ ಬಲ್ಲವನೊಬ್ಬ ಆ ಊರಿಗೆ ಬಂದ. ಪಾಲಕ ಹೆಮ್ಮೆಯಿಂದ ಬಟ್ಟೆ ಬಿಚ್ಚಿ ತೋರಿಸಿದ. ಒಳಗೆ ಬರೀ ಚೂರು. ಒಂದರಲ್ಲಿ ಒಂದಕ್ಷರ, ಇನ್ನೊಂದರಲ್ಲಿ ಅರ್ಧ.

"ಯಾರೂ ಮುಟ್ಟಿಲ್ಲ ಸ್ವಾಮಿ. ನಾನೂ ಮುಟ್ಟಿಲ್ಲ" ಎಂದ ಪಾಲಕ.

"ಹುಳಿ, ಅಂದರೆ ಆಮ್ಲ, ಇಂಥ ಕಾಗದದ ಒಳಗೇ ಇರುತ್ತದಪ್ಪ. ಮುಚ್ಚಿಟ್ಟರೂ ತಿನ್ನುತ್ತದೆ. ಹತ್ತು ವರ್ಷದ ಹಿಂದೆ ಹಾಳೆ ಬಿಡಿಸಿ ಸುಣ್ಣದ ತಿಳಿನೀರಿನಲ್ಲಿ ಅದ್ದಿ ಒಣಗಿಸಿದ್ದರೆ ಹುಳಿ ಹೋಗಿ ಪುಸ್ತಕ ಉಳಿಯುತ್ತಿತ್ತು" ಎಂದ ಬಂದವನು.

ಪಾಲಕನಿಗೆ ಮುದುಕಿ ನೆನಪಾದಳು. ಆ ವರ್ಷ ಅವಳು ಬಂದಿರಲಿಲ್ಲ. ಅವಳ ಊರು ಹುಡುಕಿಕೊಂಡು ಹೋದ. ಫಕೀರವ್ವ ಕಟ್ಟೆಯ ಮೇಲೆ ಕೂತಿದ್ದಳು. ಲಕ್ವಾ ಹೊಡೆದು ಮಾತು ನಿಂತುಹೋಗಿತ್ತು. ಇವನ ಗುರುತು ಹಿಡಿದಳು. ಪುಸ್ತಕ ತಂದನೇನೋ ಎಂದು ಅವನ ಕೈ ನೋಡಿದಳು.

ಅವಳ ಮಗಳು ಹೇಳಿದಳು: "ಆ ಎರಡು ಸಾಲು ಬಿಟ್ಟರ ಪುಸ್ತಕದಾಗಿನ ಹಾಡು ಎಲ್ಲಾ ನಮ್ಮವ್ವಗ ಬರತಿದ್ದುವ್ರಿ. ನೀವು ಹಾಡು ಅಂದಿದ್ದರ ಆ ಮೆಟ್ಟಲ ಮ್ಯಾಲೇ ಕುಂತು ಹಾಡತಿದ್ಲು. ನನಗ ಒಂದೂ ಬರೂದಿಲ್ಲ. ಪುಸ್ತಕದಾಗ ಅದಾವಲ್ಲ ಅಂತ ನಾ ಕಲೀಲಿಲ್ಲ."

ಪಾಲಕ ಬಂದ ದಾರಿಯಲ್ಲೇ ಹಿಂತಿರುಗಿದ. ಆಮೇಲೆ ಆ ಪುಣ್ಯಾತ್ಮ ಯಾವ ಬೀರುವಿಗೂ ಬೀಗ ಹಾಕಲಿಲ್ಲವಂತೆ. ಹಾಕದೆ ಏನು ಬಂತು?

ಗುರುಗಳು ಕತೆ ನಿಲ್ಲಿಸಿದರು.

"ಪಾಪ, ಅವನಿಗೆ ತಿಳಿಯಲಿಲ್ಲ" ಎಂದನು ಶಿಷ್ಯ.

ಗುರುಗಳು ಕೇಳಿದರು: "ಇವತ್ತು ಬೆಳಗ್ಗೆ ಪಾಠ ಹೇಳಿಕೊಡಿ ಎಂದು ಬಂದಿದ್ದ ಆ ಕಮ್ಮಾರನಿಗೆ ನೀನು ಏನು ಹೇಳಿ ಕಳುಹಿಸಿದೆ?"